ಎದೆಯಿಂದ ತೆಗೆದ ನೀರು ಹಾಲಿನಂತೆ ಬಿಳಿಯಾಗಿದ್ದರೆ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ, ಇವರಿಗೆ ಒಂದು ಬಹಿರಂಗ ಪತ್ರ

ವಿಷಯ: ದುಗ್ಧರಸದ ದೋಷದಿಂದ ಬರುವ ಅಪರೂಪದ ಶ್ವಾಸಕೋಶದ ಕಾಯಿಲೆಗಳನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು ಕಾಡುವ ಲ್ಯಾಮ್ ಕಾಯಿಲೆಯನ್ನು, ಜಿಲ್ಲಾ ಆಸ್ಪತ್ರೆಗಳಲ್ಲೇ ಗುರುತಿಸುವ ವ್ಯವಸ್ಥೆ ಮಾಡುವ ಬಗ್ಗೆ.

ಸನ್ಮಾನ್ಯರೇ,

ನಾನು ಹಾಸನ ಜಿಲ್ಲೆಯ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ವಿಜ್ಞಾನ ಕಲಿಸುತ್ತಿರುವ ಶಿಕ್ಷಕಿ. ನನ್ನ ತಂಗಿಗೆ ಈಗ ಮೂವತ್ತೆಂಟು ವರ್ಷ. ಅವಳ ಒಪ್ಪಿಗೆ ಪಡೆದು, ಅವಳ ಹೆಸರನ್ನಾಗಲಿ ಅವಳನ್ನು ನೋಡಿದ ಆಸ್ಪತ್ರೆಗಳ ಹೆಸರನ್ನಾಗಲಿ ಹೇಳದೆ ಈ ಪತ್ರ ಬರೆಯುತ್ತಿದ್ದೇನೆ. ಅವಳ ಕಾಯಿಲೆ ಏನೆಂದು ತಿಳಿಯುವುದರೊಳಗೆ ಸುಮಾರು ಎರಡು ವರ್ಷ ಕಳೆದುಹೋದವು. ಎದೆಯಿಂದ ತೆಗೆದ ನೀರನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ಚೀಟಿಯಲ್ಲಿ ಇನ್ನೊಂದು ಪರೀಕ್ಷೆಯ ಹೆಸರು ಬರೆದಿದ್ದರೆ ಅದರಲ್ಲಿ ಬಹುಪಾಲು ಕಾಲ ಉಳಿಯುತ್ತಿತ್ತು ಎಂಬುದು ನಮಗೆ ಆಮೇಲೆ ಗೊತ್ತಾಯಿತು. ಆ ಒಂದು ಪದ ಮುಂದಿನ ರೋಗಿಯ ಚೀಟಿಯಲ್ಲಿ ತಪ್ಪದೆ ಇರುವಂತೆ ಮಾಡುವ ಅಧಿಕಾರ ತಮಗಿರುವುದರಿಂದ ಇದನ್ನು ತಮಗೇ ಬರೆಯುತ್ತಿದ್ದೇನೆ.

ಮೊದಲ ಸಲ ತೊಂದರೆ ಕಾಣಿಸಿಕೊಂಡದ್ದು ಒಂದು ಶ್ರಾವಣದ ಬೆಳಿಗ್ಗೆ. ಹಿತ್ತಲಿನಲ್ಲಿ ಒದ್ದೆ ಬಟ್ಟೆ ಹರವುತ್ತಿದ್ದವಳು ಎಡಪಕ್ಕೆ ಹಿಡಿದುಕೊಂಡು ಅಲ್ಲೇ ಕುಸಿದು ಕೂತಳು. ಎಕ್ಸ್‌ರೇ ತೆಗೆಸಿದಾಗ ಎಡ ಶ್ವಾಸಕೋಶ ಮುದುಡಿಕೊಂಡಿದೆ, ಸುತ್ತಲೂ ಗಾಳಿ ಸೇರಿಕೊಂಡಿದೆ ಎಂದರು. ಪಕ್ಕೆಯ ನಡುವೆ ಪೈಪ್ ಹಾಕಿ, ಎಂಟು ದಿನ ಇಟ್ಟುಕೊಂಡು, ಶ್ವಾಸಕೋಶ ಹಿಗ್ಗಿದ ಮೇಲೆ ಮನೆಗೆ ಕಳುಹಿಸಿದರು. ಬಿದ್ದಿರಲಿಲ್ಲ, ಪೆಟ್ಟಾಗಿರಲಿಲ್ಲ, ಬೀಡಿ ಸಿಗರೇಟಿನ ಮಾತಂತೂ ಇಲ್ಲವೇ ಇಲ್ಲ. ಯಾಕೆ ಹೀಗಾಯಿತು ಎಂದು ಕೇಳಿದರೆ ಕೆಲವರಿಗೆ ಹೀಗಾಗುತ್ತದೆ ಎಂಬ ಉತ್ತರ ಬಂತು. ನಾವೂ ಅಷ್ಟಕ್ಕೇ ಸುಮ್ಮನಾದೆವು.

ಹನ್ನೊಂದು ತಿಂಗಳ ಮೇಲೆ ಅವಳಿಗೆ ಏದುಸಿರು ಶುರುವಾಯಿತು. ಹೊಲಿಗೆ ಯಂತ್ರದ ಮುಂದೆ ಕೂತಲ್ಲೇ ದಮ್ಮು ಹತ್ತುತ್ತಿತ್ತು. ಈ ಸಲ ಬಲಗಡೆ, ಗಾಳಿಯ ಬದಲು ನೀರು. ಬೆನ್ನ ಕಡೆಯಿಂದ ಸೂಜಿ ಹಾಕಿ ತೆಗೆದಾಗ ಸಿರಿಂಜಿನಲ್ಲಿ ಬಂದದ್ದು ಅಚ್ಚ ಬಿಳುಪು. ಆ ಕೋಣೆಯ ಕಿಟಕಿಯ ಬೆಳಕಿಗೆ ನರ್ಸ್ ಅದನ್ನು ಎತ್ತಿ ಹಿಡಿದು ನೋಡಿದ್ದು ನನ್ನ ಕಣ್ಣಿಗೆ ಕಟ್ಟಿದಂತಿದೆ. ತಂಗಿ ಹಿಂತಿರುಗಿ ನೋಡಿ, "ಅಕ್ಕಾ, ಇದು ನೀರಲ್ಲ ಕಣೆ, ಹಾಲು ಇದ್ದ ಹಾಗಿದೆ" ಎಂದಳು. ಕೀವಿರಬಹುದು ಎಂದರು. ಆದರೆ ಜ್ವರವಿರಲಿಲ್ಲ, ವಾಸನೆಯಿರಲಿಲ್ಲ. ಮಂಚದ ಕೆಳಗಿನ ಬಾಟಲಿಯಲ್ಲಿ ರಾತ್ರಿಯಿಡೀ ಇದ್ದರೂ ಅದು ತಳದಲ್ಲಿ ಗಟ್ಟಿ, ಮೇಲೆ ತಿಳಿ ಎಂದು ಬೇರೆಯಾಗಲಿಲ್ಲ, ಬೆಳಿಗ್ಗೆಯೂ ಮೇಲಿನಿಂದ ಕೆಳಗಿನವರೆಗೆ ಒಂದೇ ಬಿಳುಪಾಗಿ ನಿಂತಿತ್ತು. ಕೀವಾಗಿದ್ದರೆ ಪ್ರಯೋಗಾಲಯದ ಯಂತ್ರದಲ್ಲಿ ತಿರುಗಿಸಿದಾಗ ಕಣಗಳು ತಳಕ್ಕಿಳಿದು ಮೇಲಿನದು ತಿಳಿಯಾಗುತ್ತದೆಂದೂ, ಕೊಬ್ಬಿನಿಂದ ಬಂದ ಬಿಳುಪು ಹಾಗೆ ತಿಳಿಯಾಗುವುದಿಲ್ಲವೆಂದೂ ನನಗೆ ಆಗ ಗೊತ್ತಿರಲಿಲ್ಲ.

ಕಫದಲ್ಲಾಗಲಿ ಆ ದ್ರವದಲ್ಲಾಗಲಿ ಕ್ಷಯದ ರೋಗಾಣು ಸಿಗಲಿಲ್ಲ. ಆದರೂ ಕ್ಷಯವೇ ಇರಬೇಕೆಂದು ಆರು ತಿಂಗಳ ಮಾತ್ರೆ ಶುರು ಮಾಡಿದರು. ಇದಕ್ಕಾಗಿ ಆ ವೈದ್ಯರನ್ನು ನಾನು ದೂರುವುದಿಲ್ಲ. ನಮ್ಮ ದೇಶದಲ್ಲಿ ಎದೆಯಲ್ಲಿ ನೀರು ತುಂಬಿದ ಯುವಜನರಿಗೆ ಕ್ಷಯವಿರುವ ಸಾಧ್ಯತೆಯೇ ಹೆಚ್ಚು, ಮತ್ತು ರೋಗಾಣು ಕಾಣದಿದ್ದರೂ ಲಕ್ಷಣ ನೋಡಿ ಮಾತ್ರೆ ಕೊಟ್ಟು ಸಾವಿರಾರು ಜನರನ್ನು ಉಳಿಸಿದ ವೈದ್ಯರೇ ನಮ್ಮ ಜಿಲ್ಲೆಗಳಲ್ಲಿದ್ದಾರೆ. ಕ್ಷಯದಿಂದಲೂ ಹೀಗೆ ಬಿಳಿ ದ್ರವ ಸೇರುವುದುಂಟು. ಆನೆಕಾಲು ರೋಗವಿದ್ದ ಕರಾವಳಿ ಮತ್ತು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ ಫೈಲೇರಿಯಾದ ಅನುಮಾನ ಬಂದರೂ ತಪ್ಪಲ್ಲ. ಆದರೆ ಅನುಮಾನ ಅಲ್ಲಿಗೇ ನಿಂತುಬಿಟ್ಟರೆ ನನ್ನ ತಂಗಿಯಂಥವರು ತಮಗಿಲ್ಲದ ಕಾಯಿಲೆಯ ಔಷಧಿ ನುಂಗುತ್ತ ಇರುವ ಕಾಯಿಲೆಗೆ ಏನೂ ಸಿಗದೆ ಉಳಿಯುತ್ತಾರೆ.

ಆ ಆರು ತಿಂಗಳಲ್ಲಿ ನಾಲ್ಕು ಸಲ ನೀರು ತೆಗೆಸಿದೆವು. ಐವತ್ತನಾಲ್ಕು ಕಿಲೋ ಇದ್ದ ಹುಡುಗಿ ನಲವತ್ತಮೂರಕ್ಕೆ ಇಳಿದಳು. ಟಿ.ಬಿ. ಬಂದವರು ಚೆನ್ನಾಗಿ ಉಣ್ಣಬೇಕೆಂದು ಅಮ್ಮ ದಿನವೂ ಅನ್ನಕ್ಕೆ ತುಪ್ಪ ಸುರಿದು, ಶೇಂಗಾ ಉಂಡೆ ಕಟ್ಟಿ, ಯುಗಾದಿಗೆ ಬೆಲ್ಲದ ಹೋಳಿಗೆಯ ಮೇಲೂ ತುಪ್ಪ ಹಾಕಿ ತಿನ್ನಿಸಿದರು. ಪೈಪ್ ಹಾಕಿಸಿಕೊಂಡಿದ್ದ ದಿನಗಳಲ್ಲಿ ಹಾಗೆ ಉಂಡ ಕೆಲವು ಗಂಟೆಗಳಲ್ಲೇ ಬಾಟಲಿ ಬೇಗ ತುಂಬುತ್ತಿತ್ತು, ಬಿಳುಪೂ ಗಟ್ಟಿಯಾಗುತ್ತಿತ್ತು. ಊಟಕ್ಕೂ ಎದೆಯ ನೀರಿಗೂ ಏನು ಸಂಬಂಧವೆಂದು ನಾವು ಯಾರೂ ಯೋಚಿಸಲಿಲ್ಲ. ಸಂಬಂಧ ತಿಳಿದ ಮೇಲೆ ಅಮ್ಮ ಆ ತುಪ್ಪದ ಡಬ್ಬಿಯನ್ನು ಅಟ್ಟದ ಮೇಲಿಟ್ಟವರು ಇನ್ನೂ ಕೆಳಗಿಳಿಸಿಲ್ಲ.

ಆ ಸಂಬಂಧ ಏನೆಂದು ತಮ್ಮ ಇಲಾಖೆಯ ತಜ್ಞರಿಗೆ ನಾನು ಹೇಳಬೇಕಿಲ್ಲ. ಆದರೆ ಇದು ಬಹಿರಂಗ ಪತ್ರವಾದ್ದರಿಂದ ಓದುವ ಇತರರಿಗಾಗಿ ಬರೆಯುತ್ತೇನೆ. ರಕ್ತನಾಳಗಳ ಜೊತೆಗೆ ನಮ್ಮ ದೇಹದಲ್ಲಿ ಇನ್ನೊಂದು ನಾಳಜಾಲವಿದೆ. ನಮ್ಮ ಶಾಲಾ ಪುಸ್ತಕಗಳಲ್ಲಿ ಅದರೊಳಗಿನ ದ್ರವಕ್ಕೆ ದುಗ್ಧರಸ ಎನ್ನುತ್ತೇವೆ. ದುಗ್ಧವೆಂದರೆ ಹಾಲು. ಎಷ್ಟೋ ವರ್ಷ ಈ ಪದವನ್ನು ಕಪ್ಪುಹಲಗೆಯ ಮೇಲೆ ಬರೆದು ಅಳಿಸಿದ ನನಗೆ ಅದರ ಅರ್ಥ ಹೊಳೆದದ್ದು ತಂಗಿಯ ಮಂಚದ ಕೆಳಗಿನ ಬಾಟಲಿ ನೋಡಿದ ಮೇಲೆ. ನಾವು ಉಂಡ ಎಣ್ಣೆ ತುಪ್ಪದ ಕೊಬ್ಬು ಸಣ್ಣ ಕರುಳಿನಿಂದ ನೇರವಾಗಿ ರಕ್ತಕ್ಕೆ ಹೋಗದೆ ಈ ನಾಳಗಳನ್ನೇ ಸೇರುತ್ತದೆ, ಅದರಿಂದಾಗಿ ಅಲ್ಲಿನ ರಸ ಹಾಲಿನ ಬಣ್ಣಕ್ಕೆ ತಿರುಗುತ್ತದೆ. ಇಟಲಿಯ ಗಾಸ್ಪಾರೆ ಅಸೆಲ್ಲಿ 1622ರಲ್ಲಿ ಆಗಷ್ಟೇ ಹೊಟ್ಟೆ ತುಂಬ ತಿಂದಿದ್ದ ನಾಯಿಯೊಂದರ ಒಡಲಲ್ಲಿ ಮೊದಲು ಕಂಡದ್ದು ಈ ಬಿಳಿಯ ಎಳೆಗಳನ್ನೇ. ಹೊಟ್ಟೆಯ ಹಿಂಭಾಗದಿಂದ ಬೆನ್ನುಮೂಳೆಗೆ ಒತ್ತಿಕೊಂಡು ಮೇಲೇರುವ ಒಂದು ಮುಖ್ಯ ನಾಳ ಎದೆಯನ್ನು ಹಾದು, ನಡುವೆ ಬಲದಿಂದ ಎಡಕ್ಕೆ ತಿರುಗಿ, ಎಡಗುತ್ತಿಗೆಯ ಬುಡದಲ್ಲಿ ರಕ್ತನಾಳಕ್ಕೆ ಕೂಡುತ್ತದೆ. ದಿನಕ್ಕೆ ಸುಮಾರು ಎರಡು ಲೀಟರ್ ರಸ ಈ ದಾರಿಯಲ್ಲಿ ಸಾಗುತ್ತದೆ. ಎದೆಯೊಳಗೆ ಈ ನಾಳವೋ ಅದರ ಕವಲುಗಳೋ ಕಟ್ಟಿಕೊಂಡರೆ ಅಥವಾ ಒಡೆದರೆ ಆ ರಸ ಶ್ವಾಸಕೋಶದ ಸುತ್ತಲಿನ ಪೊರೆಯೊಳಗೆ ಸೋರಿ ನಿಲ್ಲುತ್ತದೆ. ಇದಕ್ಕೆ ಕೈಲೋಥೊರಾಕ್ಸ್ ಎಂದು ಹೆಸರು. ಸೋರುವುದು ಬರೀ ನೀರಲ್ಲವಾದ್ದರಿಂದ ಅದನ್ನು ತೆಗೆತೆಗೆದು ಚೆಲ್ಲುತ್ತ ಹೋದರೆ ಕೊಬ್ಬು, ಪ್ರೋಟೀನ್, ಕೆಲವು ವಿಟಮಿನ್‌ಗಳು, ಸೋಂಕಿನ ವಿರುದ್ಧ ಹೋರಾಡುವ ಬಿಳಿ ರಕ್ತಕಣಗಳು ಎಲ್ಲವೂ ಹೊರಟುಹೋಗುತ್ತವೆ. ತಂಗಿಯ ಹನ್ನೊಂದು ಕಿಲೋ ಹೋದದ್ದು ಆ ಬಾಟಲಿಗಳಲ್ಲಿ.

ಗುರುತಿಸುವ ಪರೀಕ್ಷೆ ಬಹಳ ಸುಲಭ. ತೆಗೆದ ದ್ರವದಲ್ಲಿ ಟ್ರೈಗ್ಲಿಸರೈಡ್ ಎಂಬ ಕೊಬ್ಬು ಎಷ್ಟಿದೆ ಎಂದು ನೋಡಬೇಕು. ಡೆಸಿಲೀಟರಿಗೆ 110 ಮಿಲಿಗ್ರಾಮಿಗಿಂತ ಹೆಚ್ಚಿದ್ದರೆ ಅದು ದುಗ್ಧರಸವೇ ಎಂದು ಬಹುಮಟ್ಟಿಗೆ ಹೇಳಬಹುದು. ಹೃದಯದ ತಪಾಸಣೆಗೆ ಬಂದವರ ರಕ್ತದಲ್ಲಿ ತಾಲ್ಲೂಕು ಆಸ್ಪತ್ರೆಗಳಲ್ಲೂ ಇದೇ ಟ್ರೈಗ್ಲಿಸರೈಡನ್ನು ಅಳೆಯುತ್ತಾರೆ. ಯಂತ್ರ ಇದೆ, ಸಿಬ್ಬಂದಿ ಇದ್ದಾರೆ. ಎದೆಯ ದ್ರವಕ್ಕೂ ಅದನ್ನು ಮಾಡಬೇಕೆಂದು ಚೀಟಿಯಲ್ಲಿ ಬರೆಯುವವರು ಬೇಕು, ಅಷ್ಟೆ.

ಬೆಂಗಳೂರಿನಲ್ಲಿ ನಾವು ಕೊನೆಗೆ ಕಂಡ ವೈದ್ಯೆ ಮೊದಲು ಬರೆದದ್ದು ಅದನ್ನೇ. ಫಲಿತಾಂಶ 900 ದಾಟಿತ್ತು. ಆಮೇಲೆ ಅವರು ಕೇಳಿದ ಪ್ರಶ್ನೆ ಇನ್ನೂ ಮುಖ್ಯವಾದದ್ದು: "ಇದಕ್ಕೆ ಮುಂಚೆ ಯಾವಾಗಲಾದರೂ ಶ್ವಾಸಕೋಶ ಮುದುಡಿ ಪೈಪ್ ಹಾಕಿಸಿಕೊಂಡಿದ್ದಿರಾ?" ಶ್ರಾವಣದ ಆ ಬೆಳಿಗ್ಗೆಯನ್ನೂ ಈ ಬಿಳಿ ನೀರನ್ನೂ ಒಟ್ಟಿಗೆ ಇಟ್ಟು ನೋಡಿದವರು ಅವರೇ ಮೊದಲಿಗರು. ಶ್ವಾಸಕೋಶವನ್ನು ಸೂಕ್ಷ್ಮವಾಗಿ ತೋರಿಸುವ ಎಚ್‌ಆರ್‌ಸಿಟಿ ಸ್ಕ್ಯಾನ್‌ನಲ್ಲಿ ಎರಡೂ ಶ್ವಾಸಕೋಶಗಳ ತುಂಬ ತೆಳುಗೋಡೆಯ ದುಂಡು ದುಂಡು ಗುಳ್ಳೆಗಳು ಕಂಡವು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಬಲ ಮೂತ್ರಪಿಂಡದ ಮೇಲೆ ಕೊಬ್ಬು ಬೆರೆತ ಒಂದು ಗೆಡ್ಡೆ ಸಿಕ್ಕಿತು. ಅದು ಕ್ಯಾನ್ಸರ್ ಅಲ್ಲ, ಆಂಜಿಯೋಮಯೋಲಿಪೋಮ ಎಂಬ ಬಗೆಯದು. ಇಷ್ಟು ಸಾಕು, ಶ್ವಾಸಕೋಶದ ತುಣುಕು ತೆಗೆಯುವ ಬಯಾಪ್ಸಿ ಬೇಕಿಲ್ಲ ಎಂದು ಆ ವೈದ್ಯೆ ಹೇಳಿದರು. ಅಂತರರಾಷ್ಟ್ರೀಯ ಮಾರ್ಗಸೂಚಿಯೂ ಅದನ್ನೇ ಹೇಳುತ್ತದೆ: ಸ್ಕ್ಯಾನ್‌ನಲ್ಲಿ ವಿಶಿಷ್ಟವಾದ ಗುಳ್ಳೆಗಳಿದ್ದು, ಜೊತೆಗೆ ದುಗ್ಧರಸದ ಸೋರಿಕೆಯೋ ಇಂಥ ಗೆಡ್ಡೆಯೋ ಟ್ಯೂಬರಸ್ ಸ್ಕ್ಲೀರೋಸಿಸ್ ಎಂಬ ವಂಶವಾಹಿ ಕಾಯಿಲೆಯೋ ಇದ್ದರೆ, ಅಥವಾ ರಕ್ತದಲ್ಲಿ ವಿಇಜಿಎಫ್-ಡಿ ಎಂಬ ಅಂಶ ಮಿಲಿಲೀಟರಿಗೆ 800 ಪಿಕೋಗ್ರಾಮ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಕಾಯಿಲೆ ಖಚಿತ.

ಕಾಯಿಲೆಯ ಪೂರ್ತಿ ಹೆಸರು ಲಿಂಫಾಂಜಿಯೋಲಿಯೋಮಯೋಮಟೋಸಿಸ್. ಬಾಯಲ್ಲಿ ತಿರುಗದ ಈ ಹೆಸರನ್ನು ಎಲ್ಲರೂ ಲ್ಯಾಮ್ ಎಂದು ಚಿಕ್ಕದಾಗಿ ಕರೆಯುತ್ತಾರೆ. ಇದು ಬರುವುದು ಹೆಚ್ಚುಕಡಿಮೆ ಹೆಂಗಸರಿಗೆ ಮಾತ್ರ, ಅದೂ ಹೆಚ್ಚಾಗಿ ಮಕ್ಕಳನ್ನು ಹೆರುವ ವಯಸ್ಸಿನಲ್ಲಿ. ಟಿಎಸ್‌ಸಿ1 ಅಥವಾ ಟಿಎಸ್‌ಸಿ2 ಎಂಬ ವಂಶವಾಹಿ ಕೆಟ್ಟ ಜೀವಕೋಶಗಳು ದುಗ್ಧನಾಳಗಳ ಮೂಲಕ ಹರಡಿ, ಶ್ವಾಸಕೋಶದಲ್ಲಿ ನೆಲೆಯೂರಿ, ನಿಧಾನವಾಗಿ ಅದನ್ನು ಗುಳ್ಳೆಗಳಾಗಿಸುತ್ತವೆ. ಹೊರಭಾಗದ ಗುಳ್ಳೆ ಒಡೆದರೆ ಶ್ವಾಸಕೋಶ ಮುದುಡುತ್ತದೆ. ದುಗ್ಧನಾಳ ಕಟ್ಟಿಕೊಂಡರೆ ಬಿಳಿ ನೀರು ತುಂಬುತ್ತದೆ. ಹೀಗೆ ಒಮ್ಮೆ ಶ್ವಾಸಕೋಶ ಮುದುಡಿದ ಲ್ಯಾಮ್ ರೋಗಿಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಮಂದಿಗೆ ಅದು ಮತ್ತೆ ಬರುತ್ತದೆ. ಆದ್ದರಿಂದಲೇ ಲ್ಯಾಮ್ ಎಂದು ಗೊತ್ತಾದರೆ ಮೊದಲ ಸಲವೇ ಶ್ವಾಸಕೋಶವನ್ನು ಎದೆಗೋಡೆಗೆ ಅಂಟಿಸುವ ಚಿಕಿತ್ಸೆಯನ್ನು ಯೋಚಿಸಬೇಕೆಂದು ತಜ್ಞರು ಹೇಳುತ್ತಾರೆ. ನಮಗೆ ಗೊತ್ತಿದ್ದರೆ ತಾನೆ!

ಇಷ್ಟು ಅಪರೂಪದ ಕಾಯಿಲೆಗೆ ಸರ್ಕಾರ ಯಾಕೆ ತಲೆಕೆಡಿಸಿಕೊಳ್ಳಬೇಕು ಎಂದು ಯಾರಾದರೂ ಕೇಳಬಹುದು. ಹತ್ತು ಲಕ್ಷ ಹೆಂಗಸರಲ್ಲಿ ಮೂರರಿಂದ ಎಂಟು ಮಂದಿಗೆ ಇದು ಇರುತ್ತದೆ ಎಂಬುದು ಬೇರೆ ದೇಶಗಳ ಹಳೆಯ ಅಂದಾಜು. ಈಚಿನ ಅಂದಾಜುಗಳು ಇಪ್ಪತ್ತರ ಹತ್ತಿರ ಹೋಗುತ್ತವೆ. 2011ರ ಜನಗಣತಿಯಲ್ಲಿ ಕರ್ನಾಟಕದ ಹೆಣ್ಣುಮಕ್ಕಳ ಸಂಖ್ಯೆ ಮೂರು ಕೋಟಿ ಒಂದು ಲಕ್ಷ ದಾಟಿತ್ತು. ಹಳೆಯ ಅಂದಾಜನ್ನೇ ಹಿಡಿದರೂ ನಮ್ಮ ರಾಜ್ಯದಲ್ಲಿ ತೊಂಬತ್ತರಿಂದ ಇನ್ನೂರ ನಲವತ್ತು ಮಂದಿ ಇರಬೇಕಾಗುತ್ತದೆ, ಹೊಸ ಅಂದಾಜಿನಂತಾದರೆ ಆರುನೂರು. ಇದು ನಾನು ಮಾಡಿದ ಸರಳ ಗುಣಾಕಾರವೇ ಹೊರತು ಸಮೀಕ್ಷೆಯಲ್ಲ. ಆದರೂ ಅವರಲ್ಲಿ ಎಷ್ಟು ಮಂದಿ ಇಂದು ಆಸ್ತಮಾದ ಪಂಪು ಎಳೆಯುತ್ತಿದ್ದಾರೋ, ಎಷ್ಟು ಮಂದಿ ಎರಡನೆಯ ಸುತ್ತಿನ ಟಿ.ಬಿ. ಮಾತ್ರೆ ನುಂಗುತ್ತಿದ್ದಾರೋ ಎಂದು ಯೋಚಿಸಿದಾಗ ನನಗೆ ರಾತ್ರಿ ನಿದ್ದೆ ಬರುವುದಿಲ್ಲ.

ಔಷಧಿ ಇಲ್ಲದ ಕಾಯಿಲೆಯಾಗಿದ್ದರೆ ಹೀಗೆ ಒತ್ತಾಯಿಸುತ್ತಿರಲಿಲ್ಲ. ಔಷಧಿ ಇದೆ, ಸಿರೋಲಿಮಸ್ ಎಂದು ಹೆಸರು. ಪೆಸಿಫಿಕ್ ಸಾಗರದ ನಡುವಿನ ರಾಪಾ ನೂಯಿ ದ್ವೀಪದಿಂದ, 1964ರಲ್ಲಿ ಅಲ್ಲಿಗೆ ಹೊರಟ ಕೆನಡಾದ ತಂಡವೊಂದು ತಂದ ಮಣ್ಣಿನಲ್ಲಿದ್ದ ಸೂಕ್ಷ್ಮಜೀವಿಯಿಂದ ಇದು ದೊರೆಯಿತು. ಅದನ್ನು ಮಾಂಟ್ರಿಯಲ್‌ನಲ್ಲಿ ಬೇರ್ಪಡಿಸಿದ ತಂಡದ ಮುಂದಾಳು ಸುರೇಂದ್ರನಾಥ್ ಸೆಹಗಲ್, ಬನಾರಸ್ ಹಿಂದೂ ವಿಶ್ವವಿದ್ಯಾಲಯದಲ್ಲಿ ಓದಿದವರು. ಕಂಪನಿ ಆ ಪ್ರಯೋಗಾಲಯವನ್ನು ಮುಚ್ಚಿದಾಗ ಅವರು ಒಂದಿಷ್ಟನ್ನು ಮನೆಗೆ ಒಯ್ದು ತಮ್ಮ ಫ್ರೀಜರಿನಲ್ಲಿ ಜೋಪಾನ ಮಾಡಿದ್ದರಂತೆ. ಈ ಸಂಗತಿಯನ್ನು ನನ್ನ ಹತ್ತನೆಯ ತರಗತಿಯ ಮಕ್ಕಳಿಗೆ ಹೇಳುವಾಗ ನನ್ನ ಗಂಟಲು ಕಟ್ಟುತ್ತದೆ, ಯಾಕೆಂದು ಅವರಿಗೆ ಗೊತ್ತಿಲ್ಲ. ಮೂತ್ರಪಿಂಡ ಕಸಿಯಾದವರಿಗೆಂದು ಬಳಕೆಗೆ ಬಂದ ಈ ಔಷಧಿಯನ್ನು ಅಮೆರಿಕ, ಕೆನಡಾ, ಜಪಾನ್ ಮೂರು ದೇಶಗಳಲ್ಲಿ 89 ಮಂದಿ ಲ್ಯಾಮ್ ರೋಗಿಗಳ ಮೇಲೆ ಪರೀಕ್ಷಿಸಿ 2011ರಲ್ಲಿ ಫಲಿತಾಂಶ ಪ್ರಕಟಿಸಿದರು. ಒಂದು ಸೆಕೆಂಡಿನಲ್ಲಿ ಊದಬಲ್ಲ ಉಸಿರಿನ ಪ್ರಮಾಣ ಔಷಧಿಯಿಲ್ಲದ ಸುಳ್ಳು ಮಾತ್ರೆ ತೆಗೆದುಕೊಂಡವರಲ್ಲಿ ತಿಂಗಳಿಗೆ ಸರಾಸರಿ 12 ಮಿಲಿಲೀಟರಿನಷ್ಟು ಇಳಿಯುತ್ತ ಹೋಯಿತು, ಸಿರೋಲಿಮಸ್ ತೆಗೆದುಕೊಂಡವರಲ್ಲಿ ಇಳಿಕೆ ನಿಂತಿತು. ವರ್ಷದ ಮೇಲೆ ಮಾತ್ರೆ ಬಿಟ್ಟಾಗ ಇಳಿಕೆ ಮತ್ತೆ ಶುರುವಾಯಿತು. 2015ರಲ್ಲಿ ಅಮೆರಿಕ ಇದನ್ನು ಲ್ಯಾಮ್‌ಗೆ ಅಧಿಕೃತ ಔಷಧಿಯೆಂದು ಒಪ್ಪಿತು.

ಇದು ಕಾಯಿಲೆಯನ್ನು ಬುಡಸಮೇತ ಕೀಳುವುದಿಲ್ಲ, ತಡೆದು ನಿಲ್ಲಿಸುತ್ತದೆ. ಹಾಳಾದ ಭಾಗ ಮರಳಿ ಬರುವುದಿಲ್ಲವಾದ್ದರಿಂದ ಕಳೆದುಹೋದ ಪ್ರತಿ ತಿಂಗಳಿಗೂ ಬೆಲೆಯಿದೆ. ತಂಗಿಗೆ ಶುರು ಮಾಡಿದ ನಾಲ್ಕನೆಯ ತಿಂಗಳ ಹೊತ್ತಿಗೆ ಬಿಳಿ ನೀರು ಬಹಳ ಕಡಿಮೆಯಾಯಿತು, ಆಮೇಲೆ ಒಮ್ಮೆಯೂ ಸೂಜಿ ಹಾಕಿಸಬೇಕಾಗಿ ಬಂದಿಲ್ಲ. ಬಾಯಲ್ಲಿ ಹುಣ್ಣಾಗುತ್ತದೆ, ಕೊಲೆಸ್ಟ್ರಾಲ್ ಏರಿದೆ, ಸೋಂಕಿನ ಭಯವಿದೆ, ರಕ್ತದಲ್ಲಿ ಔಷಧಿಯ ಮಟ್ಟವನ್ನು ಆಗಾಗ ನೋಡಬೇಕು. ಇದನ್ನೆಲ್ಲ ಅವಳು ಸಹಿಸಿಕೊಂಡಿದ್ದಾಳೆ. ಇಲ್ಲಿ ವೈದ್ಯರು ಗಮನಿಸಬೇಕಾದ ಮಾತೊಂದಿದೆ. ಟಿ.ಬಿ. ಚಿಕಿತ್ಸೆಯ ರಿಫಾಂಪಿಸಿನ್ ಮಾತ್ರೆ ಸಿರೋಲಿಮಸ್‌ನ ಮಟ್ಟವನ್ನು ತೀರಾ ಇಳಿಸಿಬಿಡುತ್ತದೆ. ಅಂದಮೇಲೆ ತಪ್ಪಾಗಿ ಶುರುವಾದ ಟಿ.ಬಿ. ಮಾತ್ರೆ ಕಾಲವನ್ನು ತಿನ್ನುವುದಲ್ಲದೆ ಸರಿಯಾದ ಔಷಧಿಯ ದಾರಿಗೂ ಅಡ್ಡ ನಿಲ್ಲುತ್ತದೆ.

ಸನ್ಮಾನ್ಯರೇ, ನಾನು ಕೇಳುವುದರಲ್ಲಿ ಮೊದಲನೆಯದಕ್ಕೆ ಹೆಚ್ಚು ಹಣ ಬೇಕಿಲ್ಲ, ಒಂದು ಸುತ್ತೋಲೆ ಸಾಕು. ರಾಜ್ಯದ ಯಾವುದೇ ಸರ್ಕಾರಿ ಆಸ್ಪತ್ರೆಯಲ್ಲಿ ಎದೆಯಿಂದ ತೆಗೆದ ದ್ರವ ಬಿಳಿಯಾಗಿಯೋ ಮೋಡ ಕವಿದಂತೆಯೋ ಕಂಡರೆ ಟ್ರೈಗ್ಲಿಸರೈಡ್ ಪರೀಕ್ಷೆ ಕಡ್ಡಾಯವಾಗಲಿ. ಪೆಟ್ಟಿಲ್ಲದೆ ಶ್ವಾಸಕೋಶ ಮುದುಡಿದ, ಬೀಡಿ ಸಿಗರೇಟು ಸೇದದ ಹೆಣ್ಣುಮಕ್ಕಳಿಗೆ ಎಚ್‌ಆರ್‌ಸಿಟಿ ಸ್ಕ್ಯಾನ್ ಮಾಡಿಸದೆ ಮನೆಗೆ ಕಳುಹಿಸದಿರಲಿ. ಟ್ರೂನಾಟ್ ಅಥವಾ ಸಿಬಿನಾಟ್ ಪರೀಕ್ಷೆಯಲ್ಲಿ ರೋಗಾಣು ಸಿಗದೆ ಬರೀ ಲಕ್ಷಣ ನೋಡಿ ಟಿ.ಬಿ. ಮಾತ್ರೆ ಶುರು ಮಾಡಿದ ಹೆಂಗಸರಲ್ಲಿ ಎರಡು ತಿಂಗಳಾದರೂ ನೀರು ಇಳಿಯದಿದ್ದರೆ ಎದೆರೋಗ ತಜ್ಞರಲ್ಲಿಗೆ ಕಳುಹಿಸಬೇಕೆಂಬ ನಿಯಮವಾಗಲಿ. ಕ್ಷಯ ನಿರ್ಮೂಲನೆಗೆ ನಮ್ಮ ರಾಜ್ಯದಲ್ಲಿ ಹಳ್ಳಿ ಹಳ್ಳಿಗೂ ತಲುಪುವ ಜಾಲವಿದೆ. ಲ್ಯಾಮ್ ರೋಗಿಗಳು ಮೊದಲು ಬಂದು ಬೀಳುವುದೂ ಆ ಜಾಲಕ್ಕೇ ಆದ್ದರಿಂದ ಅವರನ್ನು ಹುಡುಕಲು ಬೇರೊಂದು ವ್ಯವಸ್ಥೆಯನ್ನು ಹೊಸದಾಗಿ ಕಟ್ಟಬೇಕಾಗಿಲ್ಲ.

ಎರಡನೆಯದು ಹಣದ ಮಾತು. ಕೇಂದ್ರ ಸರ್ಕಾರದ 2021ರ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿಯ ಪ್ರಕಾರ ಪಟ್ಟಿಯಲ್ಲಿರುವ ಕಾಯಿಲೆಗಳಿಗೆ, 2022ರ ತಿದ್ದುಪಡಿಯಾದ ಮೇಲೆ, ಐವತ್ತು ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ. 2021ರ ನೀತಿ ಮೂರು ಗುಂಪು ಮಾಡಿ ಹೆಸರಿಸಿದ ಕಾಯಿಲೆಗಳಲ್ಲಿ ಲ್ಯಾಮ್ ಇರಲಿಲ್ಲ. ಜೀವನಪರ್ಯಂತ ಬೇಕಾಗುವ, ಆದರೆ ತೀರಾ ದುಬಾರಿಯಲ್ಲದ, ಫಲ ಸಾಬೀತಾದ ಚಿಕಿತ್ಸೆಯಿರುವ ಕಾಯಿಲೆಗಳ ಎರಡನೆಯ ಗುಂಪಿಗೆ ಇದು ಸರಿಯಾಗಿ ಹೊಂದುತ್ತದೆ. ಸಿರೋಲಿಮಸ್ ನಮ್ಮ ದೇಶದಲ್ಲೇ ತಯಾರಾಗುತ್ತದೆ. ನಮಗೆ ಮಾತ್ರೆ, ರಕ್ತಪರೀಕ್ಷೆ ಎಲ್ಲ ಸೇರಿ ತಿಂಗಳಿಗೆ ಕೆಲವು ಸಾವಿರ ರೂಪಾಯಿ ಆಗುತ್ತದೆ. ಕೋಟಿಗಟ್ಟಲೆ ಬೆಲೆಯ ಔಷಧಿಗಳ ಮುಂದೆ ಇದು ಏನೇನೂ ಅಲ್ಲ, ಹಾಗೆಂದು ಹೊಲಿಗೆಯಲ್ಲಿ ಬದುಕುವ ಮನೆಗೆ ಇದು ಸಣ್ಣ ಮೊತ್ತವೂ ಅಲ್ಲ. ಲ್ಯಾಮ್ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂಬ ಪ್ರಸ್ತಾವ ನಮ್ಮ ರಾಜ್ಯದಿಂದ ಹೋಗಲಿ. ಅದು ಆಗುವವರೆಗೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿಯಲ್ಲಿ ಈ ಮಾತ್ರೆಯನ್ನೂ ಮಟ್ಟ ನೋಡುವ ರಕ್ತಪರೀಕ್ಷೆಯನ್ನೂ ಕೊಡುವ ದಾರಿ ಹುಡುಕಬೇಕೆಂದು ಕೇಳಿಕೊಳ್ಳುತ್ತೇನೆ.

ಇವರು ಹೋಗಬೇಕಾದ ಜಾಗವೂ ಗೊತ್ತಾಗಬೇಕು. ಅದೇ ನೀತಿಯಡಿ ಬೆಂಗಳೂರಿನ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್ ಮತ್ತು ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ ಸೇರಿ ಒಂದು ಉತ್ಕೃಷ್ಟತಾ ಕೇಂದ್ರವಾಗಿವೆ, ಅದು ನಮ್ಮ ರಾಜ್ಯದ ಭಾಗ್ಯ. ಆದರೆ ಲ್ಯಾಮ್ ಬರುವುದು ಮಕ್ಕಳಿಗಲ್ಲ, ಮೂವತ್ತು ನಲವತ್ತರ ಹೆಂಗಸರಿಗೆ. ಬೆಂಗಳೂರಿನಲ್ಲೇ ಎದೆರೋಗಗಳಿಗೆಂದು ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ ಇರುವಾಗ, ಅಲ್ಲಿ ತಿಂಗಳಿಗೆ ಒಂದು ದಿನವಾದರೂ ಅಪರೂಪದ ಶ್ವಾಸಕೋಶದ ಕಾಯಿಲೆಗಳ ಹೊರರೋಗಿ ವಿಭಾಗ ನಡೆದರೆ ಬೀದರಿನಿಂದ ಬಂದವರಿಗೂ ಚಾಮರಾಜನಗರದಿಂದ ಬಂದವರಿಗೂ ಒಂದು ಬಾಗಿಲು ಸಿಕ್ಕಂತಾಗುತ್ತದೆ. ವಿಇಜಿಎಫ್-ಡಿ ರಕ್ತಪರೀಕ್ಷೆ ಒಂದಾದರೂ ಸರ್ಕಾರಿ ಪ್ರಯೋಗಾಲಯದಲ್ಲಿ ಆಗುವಂತಾದರೆ ಎಷ್ಟೋ ಬಯಾಪ್ಸಿಗಳು ತಪ್ಪುತ್ತವೆ.

ಆ ಬಾಗಿಲು ಲ್ಯಾಮ್‌ಗೆ ಮಾತ್ರ ಎಂದು ನಾನು ಕೇಳುವುದಿಲ್ಲ. ಒಂದೇ ಹೃದಯಕೋಣೆಯೊಂದಿಗೆ ಹುಟ್ಟಿ ಫಾಂಟಾನ್ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಕೆಲವು ಮಕ್ಕಳಲ್ಲಿ ಇದೇ ದುಗ್ಧರಸ ಶ್ವಾಸನಾಳದೊಳಕ್ಕೆ ಸೋರಿ, ಅಲ್ಲೇ ಹೆಪ್ಪುಗಟ್ಟಿ, ಮರದ ಕೊಂಬೆಯ ಆಕಾರದಲ್ಲಿ ಕೆಮ್ಮಿನ ಜೊತೆ ಹೊರಬರುತ್ತದೆ. ಇದಕ್ಕೆ ಪ್ಲಾಸ್ಟಿಕ್ ಬ್ರಾಂಕೈಟಿಸ್ ಎನ್ನುತ್ತಾರೆ. ಎಂಆರ್‌ಐಯಲ್ಲಿ ದುಗ್ಧನಾಳಗಳ ಚಿತ್ರ ತೆಗೆದು, ಸೋರುವ ಜಾಗವನ್ನು ಸಣ್ಣ ನಳಿಕೆಯ ಮೂಲಕವೇ ಮುಚ್ಚುವ ವಿಧಾನಗಳನ್ನು ಅಮೆರಿಕದ ಫಿಲಡೆಲ್ಫಿಯಾದ ವೈದ್ಯರು ಬೆಳೆಸಿದ್ದಾರೆ. ನಮ್ಮ ಸರ್ಕಾರಿ ಸಂಸ್ಥೆಗಳ ರೇಡಿಯಾಲಜಿ ವೈದ್ಯರಲ್ಲಿ ಇಬ್ಬರನ್ನಾದರೂ ಇದರ ತರಬೇತಿಗೆ ಕಳುಹಿಸಿದರೆ ಹೃದಯದ ಆಪರೇಷನ್‌ನಲ್ಲಿ ನಾಳಕ್ಕೆ ಪೆಟ್ಟಾದವರಿಗೂ ಕ್ಯಾನ್ಸರಿನಿಂದ ನಾಳ ಕಟ್ಟಿದವರಿಗೂ ಆ ವಿದ್ಯೆ ಒದಗುತ್ತದೆ.

ಹೆಂಗಸರ ಆರೋಗ್ಯ ಕಾರ್ಯಕ್ರಮಗಳಿಗೆ ಸಂಬಂಧಿಸಿದ ಒಂದು ಮಾತನ್ನು ಇಲ್ಲಿ ಹೇಳಲೇಬೇಕು. ಈಸ್ಟ್ರೋಜನ್ ಲ್ಯಾಮ್ ಕಾಯಿಲೆಯನ್ನು ಕೆರಳಿಸಬಹುದಾದ್ದರಿಂದ ಅದಿರುವ ಗರ್ಭನಿರೋಧಕ ಮಾತ್ರೆಗಳನ್ನು ಈ ರೋಗಿಗಳು ತೆಗೆದುಕೊಳ್ಳಬಾರದು. ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್ ಮಾತ್ರೆಯಲ್ಲಿ ಈಸ್ಟ್ರೋಜನ್ ಇದೆ. ಬಸುರಿಯಾದಾಗ ಶ್ವಾಸಕೋಶ ಮುದುಡುವ, ದುಗ್ಧರಸ ಸೋರುವ ಅಪಾಯ ಹೆಚ್ಚುತ್ತದೆ. ನನ್ನ ತಂಗಿಗೆ ಒಬ್ಬ ಮಗನಿದ್ದಾನೆ. ಇನ್ನೊಂದು ಮಗು ಬೇಕೆಂಬ ಆಸೆ ಅವಳಿಗೆ ಬಹಳವಿತ್ತು. ಆ ನಿರ್ಧಾರವನ್ನು ಅವಳು, ಅವಳ ಗಂಡ ಮತ್ತು ವೈದ್ಯರು ಕೂತು ಮಾತಾಡಿ ಮಾಡಿದರು. ಕಾಯಿಲೆಯ ಹೆಸರು ಗೊತ್ತಿದ್ದುದರಿಂದ ಆ ಮಾತುಕತೆಯಾದರೂ ಸಾಧ್ಯವಾಯಿತು. ಹೆಸರೇ ಗೊತ್ತಿಲ್ಲದವರ ಮನೆಬಾಗಿಲಿಗೆ ಆಶಾ ಕಾರ್ಯಕರ್ತೆ ಮಾತ್ರೆಯ ಚೀಟಿ ಹಿಡಿದು ಬಂದಾಗ, ಹಿಂದೆ ಯಾವಾಗಲಾದರೂ ಶ್ವಾಸಕೋಶ ಮುದುಡಿತ್ತೇ ಎಂಬ ಪ್ರಶ್ನೆಯೂ ಅವರ ಪುಸ್ತಕದಲ್ಲಿರಲಿ.

ಊಟದ ವಿಷಯದಲ್ಲೂ ಜಿಲ್ಲಾ ಆಸ್ಪತ್ರೆಗಳ ಆಹಾರ ತಜ್ಞರಿಗೆ ಸರಿಯಾದ ಮಾಹಿತಿ ಬೇಕು. ಬಿಳಿ ನೀರು ಸೋರುವವರಿಗೆ ಮಾಮೂಲಿ ಎಣ್ಣೆ ತುಪ್ಪ ಕಡಿಮೆ ಮಾಡಿ, ಕರುಳಿನಿಂದ ನೇರವಾಗಿ ರಕ್ತಕ್ಕೆ ಸೇರುವ ಎಂಸಿಟಿ ಎಂಬ ಎಣ್ಣೆಯನ್ನು ಕೊಡುತ್ತಾರೆ. ಅದನ್ನು ತೆಂಗಿನೆಣ್ಣೆಯಿಂದಲೂ ಬೇರ್ಪಡಿಸಿ ತೆಗೆಯುತ್ತಾರೆ ಎಂದು ಕೇಳಿದ ಕೂಡಲೇ ನಮ್ಮ ತೋಟದ ಕೊಬ್ಬರಿಯ ಗಾಣದ ಎಣ್ಣೆಯನ್ನೇ ಅವಳಿಗೆ ಕೊಡಲು ಹೊರಟಿದ್ದೆವು. ತೆಂಗಿನೆಣ್ಣೆಯ ಹೆಚ್ಚಿನ ಭಾಗ ಬೇರೆ ಕೊಬ್ಬುಗಳಂತೆಯೇ ದುಗ್ಧನಾಳದ ದಾರಿ ಹಿಡಿಯುತ್ತದೆ, ಅದು ಎಂಸಿಟಿಗೆ ಬದಲಿಯಾಗದು ಎಂದು ವೈದ್ಯೆ ತಡೆದರು. ತೆಂಗಿನ ನಾಡಿನಲ್ಲಿ ಈ ತಪ್ಪು ಯಾರಿಗಾದರೂ ಆಗಬಹುದು.

ಸಿನ್ಸಿನಾಟಿಯ ಒಬ್ಬ ತಾಯಿ ಸ್ಯೂ ಬರ್ನ್ಸ್, ತನ್ನ ಮಗಳಿಗೆ ಲ್ಯಾಮ್ ಎಂದು ತಿಳಿದ ಮೇಲೆ 1995ರಲ್ಲಿ ಲ್ಯಾಮ್ ಫೌಂಡೇಶನ್ ಕಟ್ಟಿದರು. ರೋಗಿಗಳು ಒಂದೆಡೆ ಸೇರಿದ್ದರಿಂದಲೇ ಹದಿನಾರು ವರ್ಷಗಳಲ್ಲಿ ಔಷಧಿಯ ಪರೀಕ್ಷೆ ಮುಗಿಯುವಂತಾಯಿತು. ನಮ್ಮಲ್ಲಿ ರೋಗಿಗಳನ್ನು ಒಂದೆಡೆ ಸೇರಿಸುವ ಕೆಲಸಕ್ಕೆ ಬೇಕಾದುದು ಒಂದು ನೋಂದಣಿ ಪುಸ್ತಕ. ರಾಜ್ಯದಲ್ಲಿ ಲ್ಯಾಮ್ ಎಂದು ಗುರುತಾದ ಪ್ರತಿ ಹೆಂಗಸಿನ ವಿವರವನ್ನು, ಅವಳ ಒಪ್ಪಿಗೆಯಿಂದ ಮತ್ತು ಗುಟ್ಟು ಕಾಪಾಡಿ, ಆರೋಗ್ಯ ಇಲಾಖೆ ಬರೆದಿಟ್ಟುಕೊಳ್ಳಲಿ. ಶ್ವಾಸಕೋಶ ಕಸಿ ಬೇಕಾಗುವ ಹಂತಕ್ಕೆ ಹೋದವರನ್ನು ತಡಮಾಡದೆ ರಾಜ್ಯದ ಅಂಗಾಂಗ ಕಸಿ ಸಂಸ್ಥೆಯಾದ ಜೀವಸಾರ್ಥಕತೆಯ ಸರದಿಗೆ ಸೇರಿಸಲೂ ಆ ಪುಸ್ತಕ ಬೇಕು.

ನನ್ನ ತಂಗಿ ಆ ಪುಸ್ತಕದ ಮೊದಲ ಹೆಸರಾಗಲು ಒಪ್ಪಿದ್ದಾಳೆ. ಅವಳ ಎಲ್ಲ ವರದಿಗಳು, ಸ್ಕ್ಯಾನ್‌ಗಳು ಮತ್ತು ಶ್ರಾವಣದ ಆ ಬೆಳಿಗ್ಗೆ ತೆಗೆದ ಮೊದಲ ಎಕ್ಸ್‌ರೇ ನನ್ನ ಹತ್ತಿರ ಒಂದು ಕಡತದಲ್ಲಿವೆ. ಹೆಸರು ಅಳಿಸಿ ಅವುಗಳನ್ನು ಜಿಲ್ಲಾ ವೈದ್ಯರ ತರಬೇತಿಗೆ ಬಳಸುವುದಾದರೆ, ಇಲಾಖೆ ಹೇಳಿದ ದಿನ, ಹೇಳಿದ ಕಚೇರಿಗೆ ನಾನೇ ಬಸ್ಸು ಹತ್ತಿ ತಂದು ಒಪ್ಪಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಲ್ಯಾಮ್ ಕಾಯಿಲೆಯ ರೋಗಿಯೊಬ್ಬಳ ಅಕ್ಕ,
ಹಾಸನ ಜಿಲ್ಲೆ